ಹೊಸ ಸರೌಂಡ್ ಹಾಕಿದರೂ ಬಾಸ್ ಇಲ್ಲ: ಒಂದು ಜೋಡಿ ಎಆರ್-9ರ ದುರಸ್ತಿ ಪ್ರಕರಣ

ಮಂಗಳೂರಿನ ಮನೆಯೊಂದರ ಹಾಲ್‌ನಲ್ಲಿ ನಿಂತಿರುವ ಎಆರ್-9 ಸ್ಪೀಕರ್ ಜೋಡಿ. ಅಮೆರಿಕದಿಂದ ಮನೆಸಾಮಾನಿನ ಜೊತೆ ಬಂದದ್ದು. ಬಾಸ್, ಅಂದರೆ ತಗ್ಗಿನ ದನಿ, ಹಾಡುವ ನಾಲ್ಕೂ ವೂಫರ್‌ಗಳ ಸರೌಂಡ್ (ಕೋನಿನ ಹೊರ ಅಂಚಿನ ಮೆತ್ತನೆಯ ಸುತ್ತುಪಟ್ಟಿ) ಎರಡು ವರ್ಷದ ಹಿಂದೆ ಬದಲಾಗಿದೆ, ಸದ್ದು ಹೊರಡಿಸುವ ಕೋನ್‌ಗಳು ನೋಡಲು ಹೊಸದರಂತಿವೆ. ಆದರೂ ಬಾಸ್ ಇಲ್ಲ ಎಂಬುದು ಮನೆಯವರ ಮುಖ್ಯ ದೂರು. ದನಿ ಏರಿಸಿದರೆ ಬಲಗಡೆಯ ಪೆಟ್ಟಿಗೆಯಿಂದ ಟಕ್ ಟಕ್ ಎಂದು ಬಡಿಯುವ ಸದ್ದು, ಅದೇ ಪೆಟ್ಟಿಗೆಯ ಟ್ವೀಟರ್ (ಏರುದನಿಯ ಚಿಕ್ಕ ಯೂನಿಟ್) ಒಮ್ಮೆ ಹಾಡುತ್ತದೆ, ಒಮ್ಮೆ ಸುಮ್ಮನಾಗುತ್ತದೆ. ಹಳೆಯ ಕೆಪಾಸಿಟರ್‌ಗಳನ್ನೆಲ್ಲ ಕಿತ್ತು ಹೊಸದು ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ಅವರಿಗೆ ಆಗಲೇ ಸಿಕ್ಕಿತ್ತು. ಕೊನೆಗೆ ನೋಡಿದರೆ ಬಾಸ್ ಹೋದದ್ದಕ್ಕೂ ಕೆಪಾಸಿಟರ್‌ಗಳಿಗೂ ಹೆಚ್ಚಿನ ಸಂಬಂಧವೇ ಇರಲಿಲ್ಲ.

ಎಆರ್-9 ಎಂದರೆ ಮ್ಯಾಸಚೂಸೆಟ್ಸ್‌ನ ಅಕೌಸ್ಟಿಕ್ ರಿಸರ್ಚ್ ಕಂಪನಿ 1978ರಲ್ಲಿ ಹೊರತಂದ ನಾಲ್ಕು ದಾರಿಯ, ಅಂದರೆ ದನಿಯನ್ನು ನಾಲ್ಕು ಪಾಲು ಮಾಡಿ ಬೇರೆ ಬೇರೆ ಯೂನಿಟ್‌ಗಳಿಗೆ ಕೊಡುವ, ಸ್ಪೀಕರ್. ಎತ್ತರ ಸುಮಾರು 134 ಸೆಂ.ಮೀ., ಒಂದೊಂದರ ತೂಕ ಸುಮಾರು 59 ಕಿಲೋ. 12 ಇಂಚಿನ ಎರಡು ವೂಫರ್‌ಗಳು ಮುಂದೆ ಇಲ್ಲ. ಪೆಟ್ಟಿಗೆಯ ಬುಡದಲ್ಲಿ, ಎರಡು ಪಕ್ಕಗಳಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಮುಂದಿನ ಹಲಗೆಯಲ್ಲಿ ಒಂದೇ ಗೆರೆಯಲ್ಲಿ ನಡುದನಿಯ 8 ಇಂಚಿನ ಕೆಳ ಮಿಡ್, ಒಂದೂವರೆ ಇಂಚಿನ ಡೋಮ್ ಮಿಡ್ ಮತ್ತು ಮುಕ್ಕಾಲು ಇಂಚಿನ ಡೋಮ್ ಟ್ವೀಟರ್. ದನಿಯನ್ನು ಪಾಲು ಮಾಡುವ ಕ್ರಾಸ್‌ಓವರ್ 200, 1200 ಮತ್ತು 7000 ಹರ್ಟ್ಝ್‌ಗಳಲ್ಲಿ. ಇಂಪೆಡೆನ್ಸ್, ಅಂದರೆ ಆಂಪ್ಲಿಫೈಯರ್‌ಗೆ ಸ್ಪೀಕರ್ ಒಡ್ಡುವ ರೋಧ, 4 ಓಮ್. ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್. 28 ಹರ್ಟ್ಝ್‌ನಲ್ಲಿ ಬರೀ 3 ಡೆಸಿಬೆಲ್ ಇಳಿತ ಎಂದು ಕಂಪನಿಯೇ ಹೇಳಿಕೊಂಡ ಸ್ಪೀಕರ್ ಇದು. ಅದರಲ್ಲಿ ಬಾಸ್ ಇಲ್ಲವೆಂದರೆ ಕಿವಿಯ ಮೇಲೆ ಅನುಮಾನ ಪಡುವ ಅಗತ್ಯವಿಲ್ಲ.

ದುರಸ್ತಿಗೆ ಕೈ ಹಾಕುವ ಮುಂಚೆ ಈ ಪೆಟ್ಟಿಗೆ ಕೆಲಸ ಮಾಡುವ ಬಗೆ ತಿಳಿದಿರಬೇಕು. ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಕಂಪನಿ ಕಟ್ಟಿದ್ದೇ ಒಂದು ಉಪಾಯದ ಮೇಲೆ. ಕೋನ್ ಅನ್ನು ಹಿಡಿದಿಡುವ ಸರೌಂಡ್ ಮತ್ತು ಸ್ಪೈಡರ್ (ಕೋನಿನ ಬುಡದ ನೆರಿಗೆಬಟ್ಟೆ) ತೀರ ಮೆತ್ತಗಿರಲಿ, ಕೋನ್ ಅನ್ನು ಮತ್ತೆ ನಡುವಿಗೆ ತರುವ ಸ್ಪ್ರಿಂಗಿನ ಕೆಲಸವನ್ನು ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಮಾಡಲಿ. ಬಟ್ಟೆ, ಫೋಮ್, ರಬ್ಬರ್‌ಗಳ ಸ್ಪ್ರಿಂಗಿಗಿಂತ ಗಾಳಿಯ ಸ್ಪ್ರಿಂಗ್ ನೇರ್ಪು, ಒತ್ತಿದಷ್ಟಕ್ಕೆ ತಕ್ಕಷ್ಟೇ ತಳ್ಳುತ್ತದೆ. ಕೋನ್ ದೂರ ಹೋದಾಗಲೂ ಬಾಸ್ ಕೆಡುವುದಿಲ್ಲ. ಇದರಿಂದ ಎರಡು ನಿಯಮ ತಾವಾಗಿ ಹುಟ್ಟುತ್ತವೆ: ಪೆಟ್ಟಿಗೆ ಸೋರಬಾರದು, ಸರೌಂಡ್ ಗಟ್ಟಿಯಾಗಿರಬಾರದು. ಈ ಜೋಡಿಯಲ್ಲಿ ಎರಡೂ ಮುರಿದಿದ್ದವು. ಅದರ ಮೇಲೆ ಮೂರನೆಯದೊಂದು ತಪ್ಪು.

ಬಿಚ್ಚುವ ಮುಂಚೆ

ಮೊದಲ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಎರಡು ವೂಫರ್‌ಗಳೂ ಒಂದೇ ಗಾಳಿಯನ್ನು ಹಂಚಿಕೊಂಡಿರುವುದರಿಂದ, ಒಂದು ಪಕ್ಕದ ಕೋನ್ ಅನ್ನು ನಾಲ್ಕು ಬೆರಳಿಂದ ಸಮನಾಗಿ 5 ಮಿ.ಮೀ.ನಷ್ಟು ಒಳಗೆ ಒತ್ತಿದರೆ ಎದುರು ಪಕ್ಕದ್ದು ಹೊರಗೆ ಉಬ್ಬಬೇಕು. ಒತ್ತಿಯೇ ಹಿಡಿದಿದ್ದರೆ ಆ ಉಬ್ಬು ಒಂದೆರಡು ಸೆಕೆಂಡಿನಲ್ಲಿ ನಿಧಾನವಾಗಿ ಇಳಿಯಬೇಕು. ಪೂರ್ತಿ ಇಳಿಯದೇ ನಿಂತರೂ ತಪ್ಪಲ್ಲ, ತಟ್ಟನೆ ಇಳಿದರೆ ಎಲ್ಲೋ ಸೋರಿಕೆಯಿದೆ. ಬಲಗಡೆಯ ಪೆಟ್ಟಿಗೆ ಪಾಸಾಯಿತು. ಎಡಗಡೆಯದರಲ್ಲಿ ಎದುರಿನ ಕೋನ್ ಅಲುಗಿತೋ ಇಲ್ಲವೋ ಎಂಬಷ್ಟರಲ್ಲಿ ಹಿಂದಕ್ಕೆ ಬಂತು.

ಸೋರುವ ಜಾಗ ಹುಡುಕಲು ಊದುಬತ್ತಿಗಿಂತ ಒಳ್ಳೆಯ ಉಪಕರಣವಿಲ್ಲ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, 25 ಹರ್ಟ್ಝ್‌ನ ಟೋನ್ ಅನ್ನು ಕೋನ್ ಒಂದೆರಡು ಮಿ.ಮೀ. ಆಡುವಷ್ಟು ಮಾತ್ರ ಕೊಟ್ಟು, ಹೊಗೆಯ ಎಳೆಯನ್ನು ವೂಫರ್‌ನ ಸುತ್ತು, ಸ್ಕ್ರೂ ತಲೆಗಳು, ಹಿಂದಿನ ಟರ್ಮಿನಲ್‌ಗಳ ಸುತ್ತ ನಿಧಾನವಾಗಿ ಸಾಗಿಸಬೇಕು. ಕೆಂಡ ಕೋನ್‌ಗೆ ತಾಗದಂತೆ ನಾಲ್ಕು ಬೆರಳು ದೂರವಿರಲಿ. ಎಡಗಡೆಯ ಪೆಟ್ಟಿಗೆಯ ಒಂದು ವೂಫರ್‌ನ ಚೌಕಟ್ಟಿನ ಕೆಳ ಅಂಚಿನಲ್ಲಿ ಹೊಗೆ ಎರಡು ಕಡೆ ಕತ್ತರಿಸಿ ಹಾರಿತು. ಮೂಲದಲ್ಲಿ ಅಲ್ಲಿ ಮೆತ್ತನೆಯ ಪುಟ್ಟಿಯಂಥ ಸೀಲ್ ಇರುತ್ತದೆ. ಹಿಂದಿನ ದುರಸ್ತಿಯಲ್ಲಿ ಅದನ್ನು ಕೆರೆದು ತೆಗೆದು, ಬದಲಿಗೆ ಏನೂ ಹಾಕದೆ ಲೋಹವನ್ನು ನೇರ ಮರದ ಮೇಲೆ ಕೂರಿಸಿ ಸ್ಕ್ರೂ ಬಿಗಿಯಲಾಗಿತ್ತು.

ಇನ್ನು ಬಲಗಡೆಯದು. ಸೋರಿಕೆ ಇಲ್ಲ, ಆದರೂ ಬಾಸ್ ಎಡಗಡೆಗಿಂತ ಕಡಿಮೆ, ಮೇಲೆ ಟಕ್ ಟಕ್. ಇದಕ್ಕೆ ಎಷ್ಟು ಹರ್ಟ್ಝ್‌ನಲ್ಲಿ ಇಂಪೆಡೆನ್ಸ್ ಎಷ್ಟೆಂಬ ಗೆರೆ ನೋಡಬೇಕಾಯಿತು. ಕಂಪ್ಯೂಟರಿನ ಸೌಂಡ್ ಕಾರ್ಡ್, 1 ಶೇಕಡಾ ನಿಖರತೆಯ 100 ಓಮ್ ರೆಸಿಸ್ಟರ್ ಒಂದು, ಉಚಿತವಾಗಿ ಸಿಗುವ ಮಾಪನ ಸಾಫ್ಟ್‌ವೇರ್ ಇದ್ದರೆ ಸಾಕು. ಎಆರ್-9ರ ಬಾಸ್ ವಿಭಾಗದಲ್ಲಿ ದೊಡ್ಡ ಕೆಪಾಸಿಟರ್ ಮತ್ತು ಕಾಯಿಲ್‌ಗಳ ಜಾಲವಿರುವುದರಿಂದ ಟರ್ಮಿನಲ್‌ನಲ್ಲಿ ಸಿಗುವ ಗೆರೆ ಪಠ್ಯಪುಸ್ತಕದ ಒಂಟಿ ಗುಡ್ಡದಂತೆ ಇರುವುದಿಲ್ಲ. ಆದ್ದರಿಂದ ಗೆರೆಯ ಆಕಾರಕ್ಕೆ ತಲೆ ಕೆಡಿಸಿಕೊಳ್ಳದೆ ಎಡ ಮತ್ತು ಬಲವನ್ನು ಒಂದರ ಮೇಲೊಂದು ಇಟ್ಟು ಹೋಲಿಸಬೇಕು. ಬಲಗಡೆಯ ಅನುರಣನದ, ಅಂದರೆ ಕೋನ್ ತನ್ನಷ್ಟಕ್ಕೆ ಆಡಬಯಸುವ ಕಂಪನದ, ಶಿಖರ ಎಡಗಡೆಗಿಂತ 10 ಹರ್ಟ್ಝ್‌ಗೂ ಹೆಚ್ಚು ಕೆಳಗಿತ್ತು. ಅನುರಣನ ಕೆಳಗಿದ್ದಷ್ಟೂ ಬಾಸ್ ಆಳ ಎಂದು ಕಲಿತವರಿಗೆ ಬಲಗಡೆಯದೇ ಒಳ್ಳೆಯ ಪೆಟ್ಟಿಗೆ ಅನ್ನಿಸುತ್ತದೆ. ಈ ಪ್ರಕರಣದಲ್ಲಿ ದಾರಿ ತಪ್ಪಿಸಬಹುದಾಗಿದ್ದ ಜಾಗ ಇದೇ.

ಆದದ್ದು ಇಷ್ಟು: ಬಲಗಡೆಯ ಎರಡು ವೂಫರ್‌ಗಳಲ್ಲಿ ಒಂದಕ್ಕೆ ತಂತಿ ಅದಲುಬದಲು. ಸರಿಯಾಗಿ ಜೋಡಿಸಿದಾಗ ಎರಡೂ ಕೋನ್‌ಗಳು ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ ಹೋಗುತ್ತವೆ. ಒಳಗಿನ ಗಾಳಿ ಹಿಗ್ಗುತ್ತದೆ, ಕುಗ್ಗುತ್ತದೆ, ಸ್ಪ್ರಿಂಗ್ ಆಗುತ್ತದೆ. ಒಂದನ್ನು ತಿರುಗಿಸಿ ಜೋಡಿಸಿದರೆ ಒಂದು ಒಳಗೆ ಹೋದಾಗ ಇನ್ನೊಂದು ಹೊರಗೆ. ಗಾಳಿ ಆ ಕಡೆಯಿಂದ ಈ ಕಡೆಗೆ ಸರಿಯುತ್ತದೆಯೇ ಹೊರತು ಒತ್ತಡಕ್ಕೆ ಸಿಗುವುದಿಲ್ಲ. ಸ್ಪ್ರಿಂಗ್ ಮಾಯವಾಗಿ, ಪೆಟ್ಟಿಗೆಯೇ ಇಲ್ಲದಂತೆ ಅನುರಣನ ಕೆಳಕ್ಕೆ ಜಾರುತ್ತದೆ. ಹೊರಗೆ ಎರಡರ ಸದ್ದು ಒಂದನ್ನೊಂದು ಕಳೆದುಹಾಕುತ್ತದೆ. ಬಾಸ್ ಕೇಳಿಸುವುದಿಲ್ಲ ಎಂದು ದನಿ ಏರಿಸುತ್ತಾರೆ. ಹಿಡಿತವಿಲ್ಲದ ಕೋನ್‌ಗಳು ಮಿತಿ ಮೀರಿ ಓಡಿ, ವಾಯ್ಸ್ ಕಾಯಿಲ್ (ಕೋನ್ ಅನ್ನು ಆಡಿಸುವ ತಂತಿಸುರುಳಿ) ಮ್ಯಾಗ್ನೆಟ್‌ನ ಹಿಂದಿನ ತಟ್ಟೆಗೆ ಬಡಿಯುತ್ತದೆ. ಟಕ್ ಟಕ್‌ನ ಮೂಲ ಅಲ್ಲಿತ್ತು. ಸದ್ದು ಕಡಿಮೆ, ಕೋನಿನ ಓಟ ಜಾಸ್ತಿ: ಈ ಎರಡೂ ಒಟ್ಟಿಗೆ ಕಂಡರೆ ಮೊದಲು ತಂತಿ ನೋಡಬೇಕು. ಕಣ್ಣಿಂದಲೇ ಖಚಿತಪಡಿಸಿಕೊಳ್ಳಲು 8 ಹರ್ಟ್ಝ್‌ನ ಟೋನ್ ಅನ್ನು ತೀರ ಸಣ್ಣಗೆ ಕೊಟ್ಟು ಒಬ್ಬರು ಒಂದೊಂದು ಪಕ್ಕದಲ್ಲಿ ಕೂತರೆ ಸಾಕು. ಇಲ್ಲಿ ಒಂದು ಹೊರಗೆ ಬಂದಾಗ ಇನ್ನೊಂದು ಒಳಗೆ ಹೋಗುತ್ತಿತ್ತು.

ವೂಫರ್ ಹೊರತೆಗೆಯುವುದು

59 ಕಿಲೋ ಪೆಟ್ಟಿಗೆಯನ್ನು ಇಬ್ಬರಿಲ್ಲದೆ ಮುಟ್ಟಬಾರದು. ಪಕ್ಕಕ್ಕೆ ಮಲಗಿಸಿದರೆ ಅಡಿಗೆ ಬರುವ ಇನ್ನೊಂದು ವೂಫರ್ ನೆಲಕ್ಕೆ ಒತ್ತುತ್ತದೆ ಎಂಬುದು ಮಲಗಿಸಿದ ಮೇಲೆ ನೆನಪಾಗುವ ವಿಷಯ. ಎರಡು ಹಳೆಯ ಹಾಸಿಗೆಗಳನ್ನು ಸುರುಳಿ ಸುತ್ತಿ, ವೂಫರ್ ನಡುವಿನ ಖಾಲಿ ಜಾಗಕ್ಕೆ ಬರುವಂತೆ ಅವುಗಳ ಮೇಲೆ ಮಲಗಿಸಬೇಕು. ಸ್ಕ್ರೂ ಬಿಚ್ಚುವ ಮುಂಚೆ ಕೋನ್ ಮೇಲೆ ದಪ್ಪ ರಟ್ಟು ಮುಚ್ಚಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಅನ್ನು ಈ ದೊಡ್ಡ ಮ್ಯಾಗ್ನೆಟ್ ಎಳೆದುಕೊಂಡರೆ ಅದು ನೇರ ಕೋನ್ ತೂರಿಕೊಂಡೇ ಹೋಗುತ್ತದೆ. ಸ್ಕ್ರೂಗಳನ್ನು ಎದುರೆದುರು ಸಡಿಲಿಸುತ್ತ ಬನ್ನಿ, ಒಂದನ್ನು ಪೂರ್ತಿ ತೆಗೆದು ಇನ್ನೊಂದಕ್ಕೆ ಹೋಗಬೇಡಿ. ತಂತಿ ಕೀಳುವ ಮುಂಚೆ ಫೋಟೋ ತೆಗೆದು, ಪ್ರತಿ ಟರ್ಮಿನಲ್‌ಗೆ ಟೇಪ್ ಅಂಟಿಸಿ ಗುರುತು ಹಾಕಿ. ಈ ಜೋಡಿಯಲ್ಲಿ ಹಿಂದೊಮ್ಮೆ ತುಂಡಾದ ತಂತಿಗೆ ಎರಡೂ ಕಪ್ಪು ಬಣ್ಣದ ತುಂಡುಗಳನ್ನು ಬೆಸುಗೆ ಹಾಕಲಾಗಿತ್ತು. ಅದಲುಬದಲು ಆದದ್ದು ಅಲ್ಲೇ. ಒಳಗಿನ ತುಂಬುವಿಕೆ ಗಾಜಿನ ನಾರಾಗಿದ್ದರೆ ಕೈಗವಸು, ಮಾಸ್ಕ್ ಇಲ್ಲದೆ ಕೈ ಹಾಕಬೇಡಿ. ತೆಗೆದಷ್ಟನ್ನೂ ಇದ್ದ ಹಾಗೆಯೇ ಮತ್ತೆ ತುಂಬಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಪ್ಲಸ್, ಮೈನಸ್ ತುದಿ ಗುರುತಿಸುವ ಧ್ರುವ ಪರೀಕ್ಷೆಗೆ ಒಂದೂವರೆ ವೋಲ್ಟಿನ ಪೆನ್‌ಸೆಲ್ ಸಾಕು. ಅದನ್ನು ಕ್ರಾಸ್‌ಓವರ್ ಮೂಲಕ ಕೊಡಬಾರದು, ನೇರ ವೂಫರ್‌ನ ತುದಿಗಳಿಗೆ ಕ್ಷಣಮಾತ್ರ ತಾಗಿಸಬೇಕು. ನಾಲ್ಕರಲ್ಲೂ ಒಂದೇ ತುದಿಗೆ ಪ್ಲಸ್ ಕೊಟ್ಟಾಗ ಒಂದೇ ದಿಕ್ಕಿಗೆ ಹಾರಬೇಕು. ಗುರುತಿನ ಬಣ್ಣ ಹೊಸದಾಗಿ ಹಚ್ಚಿ.

ಈಗ ಮೇಜಿನ ಮೇಲೆ ನಾಲ್ಕು ವೂಫರ್‌ಗಳು. ನಾಲ್ಕರ ಡಿಸಿ ರೋಧವೂ 0.2 ಓಮ್ ಅಂತರದೊಳಗೆ ಇತ್ತು, ಅಂದರೆ ಕಾಯಿಲ್‌ಗಳು ಆರೋಗ್ಯವಾಗಿವೆ. ತೆರೆದ ಗಾಳಿಯಲ್ಲಿ ಅನುರಣನ ಮಾತ್ರ 31ರಿಂದ 34 ಹರ್ಟ್ಝ್. ಆ ಕಾಲದ ಎಆರ್ 12 ಇಂಚಿನ ವೂಫರ್‌ಗಳದ್ದು 20ರ ಆಸುಪಾಸಿನಲ್ಲಿ ಇರಬೇಕು. ಕಾರಣ ಕಣ್ಣೆದುರೇ ಇತ್ತು: ಫೋಮ್ ಬದಲು ಕಾರ್ ಸಬ್‌ವೂಫರ್‌ಗೆ ಹಾಕುವಂಥ ದಪ್ಪ ರಬ್ಬರ್ ಸರೌಂಡ್.

ಫೋಮೋ ರಬ್ಬರೋ

ರಬ್ಬರ್ ಹಾಕಿದವರ ಯೋಚನೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪಾಲಿಯುರೆಥೇನ್ ಫೋಮ್‌ಗೆ ಕರಾವಳಿಯ ಹವೆ ವೈರಿ. ಗಾಳಿಯ ತೇವ ಅದರ ಎಸ್ಟರ್ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಮೊದಲು ಅಂಟಂಟು, ಆಮೇಲೆ ಬಿರುಕು, ಕೊನೆಗೆ ಬೆರಳು ತಾಗಿದರೆ ಪುಡಿ. ಬಳಸದೆ ಮೂಲೆಯಲ್ಲಿಟ್ಟರೂ ಬಿಡದು. ರಬ್ಬರ್ ಇದಕ್ಕೆ ಜಗ್ಗುವುದಿಲ್ಲ. ಆದರೆ ಗಾಳಿಯೇ ಸ್ಪ್ರಿಂಗ್ ಆಗಬೇಕಾದ ಪೆಟ್ಟಿಗೆಯಲ್ಲಿ ಗಟ್ಟಿ ರಬ್ಬರ್ ಎರಡನೇ ಸ್ಪ್ರಿಂಗ್ ಆಗಿ ಸೇರಿಕೊಳ್ಳುತ್ತದೆ. ಇಲ್ಲಿನ ಅಂಕಿಗಳನ್ನು ಇಟ್ಟು ಲೆಕ್ಕ ಹಾಕಿದರೆ ಪೆಟ್ಟಿಗೆಯೊಳಗಿನ ಅನುರಣನ ಐದರಲ್ಲೊಂದು ಪಾಲು ಮೇಲೇರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಕೋನ್ ದೂರ ಹೋದಂತೆ ರಬ್ಬರ್ ಇನ್ನಷ್ಟು ಬಿಗಿಯುತ್ತದೆ. ಜೋರಾದ ಬಾಸ್ ಕುಗ್ಗುತ್ತದೆ, ಒರಟಾಗುತ್ತದೆ. ಎಆರ್‌ನ ಮೊದಲ ಮಾದರಿಗಳಲ್ಲಿ ರಬ್ಬರಿನಂಥ ಲೇಪ ಬಳಿದ ಬಟ್ಟೆಯ ಸರೌಂಡ್ ಇತ್ತು. ಅವುಗಳಲ್ಲಿ ಎಷ್ಟೋ ಇವತ್ತಿಗೂ ಹಾಳಾಗದೆ ಉಳಿದಿವೆ, ಲೇಪ ಒಣಗಿ ಗಾಳಿ ಸೋರುವುದೊಂದೇ ಅವುಗಳ ಕಾಯಿಲೆ. ಕಂಪನಿ ಆ ಬಟ್ಟೆಯನ್ನು ಬಿಟ್ಟದ್ದು ನಮ್ಮ ಹವೆಯ ಮಟ್ಟಿಗೆ ನಷ್ಟವೇ.

ಎಆರ್-9 ಹುಟ್ಟಿದ್ದು ಫೋಮ್‌ನೊಂದಿಗೆ, ಮತ್ತೆ ಹಾಕಬೇಕಾದದ್ದೂ ಫೋಮೇ. ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸುವ ಸಾಮಾನು ಅದು, ಬೈಕಿನ ಟಯರ್ ಇದ್ದ ಹಾಗೆ. ‘12 ಇಂಚಿನದು’ ಎಂದು ಹೇಳಿ ತರಿಸಿದರೆ ಮಾತ್ರ ಕೆಟ್ಟಿರಿ. ಕೋನಿನ ಹೊರ ವ್ಯಾಸ, ಉಬ್ಬಿನ ಒಳ ಮತ್ತು ಹೊರ ವ್ಯಾಸ, ಚೌಕಟ್ಟಿಗೆ ಕೂರುವ ಅಂಚಿನ ಹೊರ ವ್ಯಾಸ, ಈ ನಾಲ್ಕನ್ನೂ ಮಿ.ಮೀ.ನಲ್ಲಿ ಅಳೆದು, ಎಆರ್ 12 ಇಂಚಿಗೆಂದೇ ಮಾಡಿದ ಮೆತ್ತನೆಯ ಫೋಮ್‌ನ ಅಳತೆಯೊಂದಿಗೆ ತಾಳೆ ನೋಡಬೇಕು. 3 ಮಿ.ಮೀ. ವ್ಯತ್ಯಾಸವೂ ಕೋನ್ ಅನ್ನು ಮೇಲಕ್ಕೋ ಕೆಳಕ್ಕೋ ಎಳೆದು ಕೂರಿಸುತ್ತದೆ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಫೋಮ್ ಹಾಕುವ ಮುಂಚೆಯೇ ಅರ್ಧ ಆಯುಷ್ಯ ಕಳೆದಿರುತ್ತದೆ. ಮಡಚಿ ಬಿಟ್ಟರೆ ತಕ್ಷಣ ಮೊದಲಿನ ಆಕಾರಕ್ಕೆ ಬರಬೇಕು, ಬೆರಳಿಗೆ ಅಂಟಬಾರದು.

ಹಳೆಯ ರಬ್ಬರ್ ತೆಗೆಯುವುದು ಇಡೀ ಕೆಲಸದ ಅತ್ಯಂತ ನಿಧಾನದ ಭಾಗ. ಒಣಗಿದ ಫೋಮ್ ಆಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಬೆರಳಿಂದಲೇ ಉಜ್ಜಿ ತೆಗೆಯಬಹುದಿತ್ತು. ಇಲ್ಲಿ ಚಪ್ಪಲಿ ಅಂಟಿಸುವಂಥ ರಬ್ಬರ್ ಗೋಂದು ಬಳಸಿದ್ದರು. ಹೇರ್ ಡ್ರೈಯರ್‌ನಿಂದ ಒಂದಿಂಚು ಒಂದಿಂಚಾಗಿ ಬಿಸಿ ಮಾಡಿ, ರಬ್ಬರನ್ನು ಹಿಂದಕ್ಕೆ ಮಡಚಿ ಕೋನಿಗೆ ಸಮಾನಾಂತರವಾಗಿ ಎಳೆಯಬೇಕು. ಮೇಲಕ್ಕೆ ಎಳೆದರೆ ಕಾಗದದ ಪದರವೇ ಕಿತ್ತು ಬರುತ್ತದೆ. ಅಸಿಟೋನ್ ಹತ್ತಿರವೂ ತರಬಾರದು. ಅದು ಕಾಗದದೊಳಗೆ ಹರಡಿ ಕೋನಿನ ಬಿಗುವನ್ನೂ ಕಾಯಿಲ್ ಹತ್ತಿರದ ಗೋಂದನ್ನೂ ಸಡಿಲಿಸುತ್ತದೆ. ಇಷ್ಟಾದರೂ ಎರಡು ಕೋನ್‌ಗಳ ಅಂಚು ಎರಡು ಮೂರು ಕಡೆ ಸೀಳಿತು. ಸಣ್ಣ ಟಿಶ್ಯೂ ತುಂಡುಗಳನ್ನು ಅರ್ಧದಷ್ಟು ನೀರು ಬೆರೆಸಿದ ಬಿಳಿ ಗೋಂದಿನಲ್ಲಿ ಅದ್ದಿ, ಹಿಂಬದಿಯಿಂದ ಒಂದೇ ಪದರ ಹಚ್ಚಿ ಒಣಗಿಸಲಾಯಿತು. ದಪ್ಪ ತೇಪೆ ಹಾಕಿದರೆ ಅಷ್ಟು ಭಾಗ ಭಾರವಾಗಿ ಕೋನ್ ಓಲಾಡುತ್ತದೆ.

ಹೊಸ ಫೋಮ್ ಅಂಟಿಸಲು ಒಣಗಿದ ಮೇಲೂ ಬಾಗುವ, ನೀರಿನ ಆಧಾರದ ಬಿಳಿ ಸ್ಪೀಕರ್ ಗೋಂದು. ಸೂಪರ್ ಗ್ಲೂ ಕ್ಷಣದಲ್ಲಿ ಹಿಡಿಯುತ್ತದೆ, ಸರಿಪಡಿಸಲು ಬಿಡುವುದಿಲ್ಲ, ಗಾಜಿನಂತೆ ಗಟ್ಟಿಯಾಗಿ ಅದರ ಅಂಚಿನಲ್ಲೇ ಫೋಮ್ ಹರಿಯುತ್ತದೆ. ಮೊದಲು ಕೋನಿನ ಕಡೆ: ಮೂಲ ಫೋಮ್ ಕೋನಿನ ಮೇಲೆ ಕೂತಿತ್ತೋ ಅಡಿಗೋ ಎಂದು ಗುರುತು ನೋಡಿ ಹಾಗೆಯೇ ಕೂರಿಸಿ, ಸುತ್ತ ಬೆರಳಿನಿಂದ ಹತ್ತು ನಿಮಿಷ ಒತ್ತುತ್ತಾ ಇರಬೇಕು. ಒಣ ಊರಿನಲ್ಲಿ 24 ಗಂಟೆ ಸಾಕು, ಮಂಗಳೂರಿನ ಜುಲೈನಲ್ಲಿ 48 ಗಂಟೆ ಬಿಡಿ. ಚೌಕಟ್ಟಿನ ಕಡೆಯನ್ನು ಅದೇ ದಿನ ಅಂಟಿಸುವ ಆತುರವೇ ಮುಕ್ಕಾಲು ಪಾಲು ಕೆಟ್ಟ ಕೆಲಸಗಳ ಕಾರಣ.

ಚೌಕಟ್ಟಿನ ಕಡೆ ಅಂಟಿಸುವಾಗ ಕಾಯಿಲ್ ಮ್ಯಾಗ್ನೆಟ್‌ನ ಸಂದಿಯ ನಟ್ಟನಡುವೆ ನಿಲ್ಲಬೇಕು. ಮೂರು ವೂಫರ್‌ಗಳಿಗೆ ಟೋನ್ ವಿಧಾನ ಸಾಕಾಯಿತು: ಗೋಂದು ಹಚ್ಚಿದ ಕೂಡಲೇ 30 ಹರ್ಟ್ಝ್ ಅನ್ನು ಕೋನ್ 3–4 ಮಿ.ಮೀ. ಆಡುವಷ್ಟು ಕೊಟ್ಟು, ಕಿವಿ ಹತ್ತಿರ ಇಟ್ಟು, ಉಜ್ಜುವ ಸದ್ದು ಬಂದರೆ ಫೋಮ್ ಅನ್ನು ಆ ಕಡೆಯಿಂದ ಈ ಕಡೆಗೆ ಕೂದಲೆಳೆಯಷ್ಟು ಸರಿಸುವುದು. ಸದ್ದು ನಿಂತ ಜಾಗದಲ್ಲಿ ಬಟ್ಟೆ ಕ್ಲಿಪ್‌ಗಳು, ಒಂದೊಂದಕ್ಕೆ ಇಪ್ಪತ್ತು. ನಾಲ್ಕನೆಯದು, ಬಡಿದಾಡಿದ ಬಲಗಡೆಯದು, ಎಲ್ಲಿ ಇಟ್ಟರೂ ಉಜ್ಜುತ್ತಿತ್ತು. ಅದರ ಕೋನಿನ ನಡುವಿನ ಮುಚ್ಚಳವಾದ ಡಸ್ಟ್ ಕ್ಯಾಪ್ ಅನ್ನು ಹರಿತವಾದ ಬ್ಲೇಡಿನಿಂದ ಮುಕ್ಕಾಲು ಸುತ್ತು ಬಿಡಿಸಿ, ಕಾಯಿಲ್ ಮತ್ತು ಮ್ಯಾಗ್ನೆಟ್‌ನ ನಡುಗಂಬದ ನಡುವೆ ಸಮ ದಪ್ಪದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಪಟ್ಟಿಗಳನ್ನು ತೂರಿಸಿ, ಅವು ಇದ್ದಂತೆಯೇ ಅಂಟಿಸಿ, ಒಣಗಿದ ಮೇಲೆ ತೆಗೆಯಬೇಕಾಯಿತು. ಡಸ್ಟ್ ಕ್ಯಾಪ್ ಮತ್ತೆ ಅಂಟಿಸುವಾಗ ಸುತ್ತಲೂ ಬಿಡದೆ ಗೋಂದು ಹೋಗಬೇಕು, ಅದೂ ಸೋರುವ ಜಾಗವೇ.

ಒಣಗಿದ ಮೇಲೆ ಅನುರಣನ 22–23 ಹರ್ಟ್ಝ್. 20 ಹರ್ಟ್ಝ್‌ನ ಟೋನ್‌ನಲ್ಲಿ ಒಂದು ರಾತ್ರಿ ಮೆಲ್ಲಗೆ ಆಡಿಸಿದ ಮೇಲೆ 20–21ಕ್ಕೆ ಬಂದು ನಿಂತಿತು. 8 ಇಂಚಿನ ಕೆಳ ಮಿಡ್‌ಗಳ ಫೋಮ್ ಕೂಡ ಪುಡಿಯಾಗಲು ಕಾಯುತ್ತಿತ್ತು, ಅವನ್ನೂ ಇದೇ ಕ್ರಮದಲ್ಲಿ ಮುಗಿಸಲಾಯಿತು. ಹಿಂದಿನವರು ಅವನ್ನು ಮುಟ್ಟಿರಲಿಲ್ಲ. ಗ್ರಿಲ್ ತೆಗೆಯದೆ ಕಾಣುವುದಿಲ್ಲವಲ್ಲ.

ಕ್ರಾಸ್‌ಓವರ್

ಬೋರ್ಡ್ ಹೊರಬಂದ ಮೇಲೆ ಕೆಪಾಸಿಟರ್‌ಗಳನ್ನು ಅಳೆಯದೇ ಬಿಡುವುದು ದಡ್ಡತನ, ಅಳೆಯದೇ ಬದಲಿಸುವುದೂ ಅಷ್ಟೇ. ಒಂದು ತುದಿ ಬಿಡಿಸಿ, ಎಲ್‌ಸಿಆರ್ ಮೀಟರ್‌ನಲ್ಲಿ ದೊಡ್ಡವನ್ನು 120 ಹರ್ಟ್ಝ್‌ನಲ್ಲಿ, ಸಣ್ಣವನ್ನು 1 ಕಿಲೋಹರ್ಟ್ಝ್‌ನಲ್ಲಿ ನೋಡಬೇಕು. ಮೈಕ್ರೋಫ್ಯಾರಡ್ ಅಳತೆಯ ಜೊತೆಗೆ ಒಳರೋಧವನ್ನೂ ಬರೆದುಕೊಳ್ಳಿ. ಹಳೆಯ ನಾನ್-ಪೋಲಾರ್ (ಪ್ಲಸ್, ಮೈನಸ್ ಭೇದವಿಲ್ಲದ) ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಬತ್ತಿ ಅಳತೆ ಇಳಿಯುವುದಕ್ಕಿಂತ ಮೇಲೇರುವುದೇ ಹೆಚ್ಚು. ಇಲ್ಲಿ 470 ಮೈಕ್ರೋಫ್ಯಾರಡ್‌ನವು 10 ಶೇಕಡಾ ಒಳಗೇ ಇದ್ದವು, ಬಿಡಲಾಯಿತು. 2500 ಮೈಕ್ರೋಫ್ಯಾರಡ್‌ನ ದೊಡ್ಡದು ಎಡಗಡೆ 2700ರ ಹತ್ತಿರ, ಬಲಗಡೆ 2900 ದಾಟಿತ್ತು. ಎಡ ಬಲ ಒಂದೇ ಆಗಿರಲಿ ಎಂದು ಎರಡೂ ಬದಲಾದವು.

ಅಷ್ಟು ದೊಡ್ಡ ನಾನ್-ಪೋಲಾರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೂ ಸುಲಭಕ್ಕೆ ಸಿಗುವ ಸಾಮಾನಲ್ಲ. 470ರ ಐದು ಮತ್ತು 150ರ ಒಂದನ್ನು ಪಕ್ಕಪಕ್ಕ ಜೋಡಿಸಿದರೆ ಸರಿಯಾಗಿ 2500. ಜೋಡಿಸಿದಷ್ಟೂ ಒಳರೋಧ ಇಳಿಯುತ್ತದೆ, ಬಾಸ್ ದಾರಿಯಲ್ಲಿ ಅದು ಲಾಭವೇ. ನಾನ್-ಪೋಲಾರ್ ಸಿಗದಿದ್ದರೆ 4700ರ ಎರಡು ಸಾಮಾನ್ಯ ಎಲೆಕ್ಟ್ರೋಲಿಟಿಕ್‌ಗಳ ಮೈನಸ್ ತುದಿಗಳನ್ನು ಕೂಡಿಸಿ ಹೊರಗಿನ ಎರಡು ಪ್ಲಸ್‌ಗಳನ್ನು ಬಳಸಿದರೆ 2350 ಆಗುತ್ತದೆ. 100 ವೋಲ್ಟಿನವನ್ನೇ ಹಾಕಿ. 4 ಓಮ್‌ಗೆ 100 ವಾಟ್ ಎಂದರೆ ಶಿಖರದಲ್ಲಿ 28 ವೋಲ್ಟ್ ಮಾತ್ರ, ಆದರೂ ಅಂತರ ಇದ್ದಷ್ಟು ಆಯುಷ್ಯ. ಕೇಬಲ್ ಟೈ ಹಾಕಿ ಬೋರ್ಡಿಗೆ ಬಿಗಿಯದಿದ್ದರೆ ಈ ಗೊಂಚಲು ಬಾಸ್ ಬಂದಾಗ ಗಿಲಕಿಯಾಗುತ್ತದೆ.

ಮಿಡ್, ಟ್ವೀಟರ್ ದಾರಿಯ ಸಣ್ಣ ಕೆಪಾಸಿಟರ್‌ಗಳಲ್ಲಿ ಬಲಗಡೆಯ ಒಂದರ ಒಳರೋಧ ಮಾತ್ರ ಏರಿತ್ತು. ಅದಕ್ಕೂ ಎಡಗಡೆಯ ಅದರ ಜೊತೆಗಾರನಿಗೂ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ, ಜೊತೆಗೆ 0.33 ಓಮ್ ರೆಸಿಸ್ಟರ್ ಸರಣಿಯಲ್ಲಿ ಸೇರಿಸಲಾಯಿತು. ಫಿಲ್ಮ್‌ನ ಒಳರೋಧ ಸೊನ್ನೆಗೆ ಹತ್ತಿರ. ಹಳೆಯ ವಿನ್ಯಾಸ ಎಲೆಕ್ಟ್ರೋಲಿಟಿಕ್‌ನ ರೋಧವನ್ನೂ ಲೆಕ್ಕಕ್ಕೆ ಹಿಡಿದು ಕಿವಿಗೆ ಹೊಂದಿಸಿದ್ದು. ಅದನ್ನು ತೆಗೆದುಹಾಕಿ, ಮೇಲಿನ ದನಿ ಚೂಪಾದದ್ದನ್ನು ‘ಪರದೆ ಸರಿದಂತಾಯಿತು’ ಎಂದು ಕೊಂಡಾಡುವವರಿದ್ದಾರೆ.

ಬಿಟ್ಟುಬಿಟ್ಟು ಹಾಡುತ್ತಿದ್ದ ಟ್ವೀಟರ್‌ನ ಕಥೆ ಚಿಕ್ಕದು. ಪ್ರತಿ ಪೆಟ್ಟಿಗೆಯಲ್ಲೂ ಮಿಡ್, ಟ್ವೀಟರ್‌ಗಳ ದನಿ ತಗ್ಗಿಸಲು 0, -3, -6 ಡೆಸಿಬೆಲ್‌ನ ಮೂರು ಸ್ವಿಚ್‌ಗಳಿವೆ. ಉಪ್ಪುಗಾಳಿಗೆ ಅವುಗಳ ಒಳಗಿನ ಸಂಪರ್ಕ ಕಪ್ಪಾಗಿತ್ತು. ಕಾಂಟಾಕ್ಟ್ ಕ್ಲೀನರ್‌ನ ಎರಡು ಹನಿ, ಮೂವತ್ತು ಬಾರಿ ಅತ್ತಿತ್ತ ಆಡಿಸುವಿಕೆ, ರೋಧ 0.1 ಓಮ್‌ಗಿಂತ ಕೆಳಗೆ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದರೆ ಅದರ ಜಿಡ್ಡು ಉಳಿದು ಧೂಳು ಹಿಡಿಯುತ್ತದೆ.

ಎಡಗಡೆಯ ಡೋಮ್ ಮಿಡ್ ಬಲಗಡೆಗಿಂತ ಸುಮಾರು ಒಂದೂವರೆ ಡೆಸಿಬೆಲ್ ಕೆಳಗೆ ಹಾಡುತ್ತದೆ. ಕಾಯಿಲ್ ಸಂದಿಯ ಫೆರೋಫ್ಲೂಯಿಡ್ (ಮ್ಯಾಗ್ನೆಟ್ ಹಿಡಿದಿಡುವ ಎಣ್ಣೆಯಂಥ ದ್ರವ) ದಪ್ಪಗಾಗಿರುವ ಲಕ್ಷಣ. ಬಿಚ್ಚಿ, ತೊಳೆದು, ಹೊಸದು ತುಂಬಬಹುದು. ಆದರೆ ಬಿಚ್ಚುವಾಗ ಡೋಮ್‌ನ ಸಣ್ಣ ತಂತಿ ತುಂಡಾದರೆ ಮೂಲದ ಬದಲಿ ಯೂನಿಟ್ ಹುಡುಕುವುದೇ ಒಂದು ವರ್ಷದ ಕೆಲಸ. ಅದನ್ನು ಇದ್ದಂತೆಯೇ ಬಿಡಲಾಯಿತು.

ಜೋಡಣೆ, ಜಾಗ

ವೂಫರ್ ಅಡಿಗೆ 3 ಮಿ.ಮೀ. ದಪ್ಪ, 10 ಮಿ.ಮೀ. ಅಗಲದ, ಗಾಳಿಗುಳ್ಳೆಗಳು ಮುಚ್ಚಿರುವ ಬಗೆಯ ಫೋಮ್ ಟೇಪ್. ಎರಡು ತುದಿಗಳು ಕೂಡುವಲ್ಲಿ ನೇರ ಕತ್ತರಿಸದೆ ಓರೆಯಾಗಿ ಕತ್ತರಿಸಿದರೆ ಸಂದು ಉಳಿಯುವುದಿಲ್ಲ. ಸಿಲಿಕಾನ್ ಸೀಲಂಟ್ ಬೇಡ. ಮುಂದಿನ ಬಾರಿ ಬಿಚ್ಚುವಾಗ ಪಾರ್ಟಿಕಲ್ ಬೋರ್ಡಿನ ಪದರವೇ ಕಿತ್ತು ಬರುತ್ತದೆ, ಹುಳಿ ವಾಸನೆಯ ಬಗೆಯದಾದರೆ ಅದರ ಆವಿ ತಾಮ್ರವನ್ನೂ ತಿನ್ನುತ್ತದೆ. ಸ್ಕ್ರೂಗಳನ್ನು ಎದುರೆದುರು, ಮೂರು ಸುತ್ತಿನಲ್ಲಿ, ಹದವಾಗಿ ಬಿಗಿಯಿರಿ. ಒಳಗಿನ ಕಬ್ಬಿಣದ ನಟ್ ಕಳಚಿ ಪೆಟ್ಟಿಗೆಯೊಳಗೆ ಬಿದ್ದರೆ ಅದನ್ನು ತೆಗೆಯದೆ ಮುಚ್ಚಬೇಡಿ, ಮ್ಯಾಗ್ನೆಟ್ ಅದನ್ನು ಎಲ್ಲಿಗೆ ಎಳೆದುಕೊಳ್ಳುತ್ತದೋ ಹೇಳಲಾಗದು.

ಪೆಟ್ಟಿಗೆಗಳ ಬುಡ ಎರಡು ಬೆರಳಷ್ಟು ಎತ್ತರಕ್ಕೆ ಊದಿತ್ತು. ದಿನಾ ನೆಲ ಒರೆಸುವ ನೀರನ್ನು ಪಾರ್ಟಿಕಲ್ ಬೋರ್ಡ್ ಹೀರಿ ಹೀಗಾಗುತ್ತದೆ, ಊದಿದ್ದು ಮತ್ತೆ ಇಳಿಯುವುದಿಲ್ಲ. ಪೂರ್ತಿ ಒಣಗಿಸಿ, ತೆಳು ಎಪಾಕ್ಸಿ ಕುಡಿಸಿ, ಉಜ್ಜಿ, 30 ಮಿ.ಮೀ. ಎತ್ತರದ ಸಾಗುವಾನಿ ಪಟ್ಟಿಗಳ ಮೇಲೆ ರಬ್ಬರ್ ಇಟ್ಟು ನಿಲ್ಲಿಸಲಾಯಿತು. ವಾಲ್‌ನಟ್ ಹೊದಿಕೆಗೆ ಸೋಪುನೀರಿನ ಹಿಂಡಿದ ಬಟ್ಟೆ, ಆಮೇಲೆ ಅಗಸೆ ಎಣ್ಣೆಯ ತೆಳು ಲೇಪ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ.

ಜಾಗದಲ್ಲೂ ಒಂದು ತಪ್ಪು ಅಡಗಿತ್ತು. ‘ಒಳ್ಳೆಯ ಸ್ಪೀಕರ್ ಗೋಡೆಯಿಂದ ದೂರ’ ಎಂಬ ಮಾತು ಕೇಳಿ ಇವನ್ನು ಮೂರಡಿ ಮುಂದೆ ತಂದಿಟ್ಟಿದ್ದರು. ಅಷ್ಟು ದೂರದ ಗೋಡೆಯಿಂದ ಮರಳುವ ಅಲೆ 85–95 ಹರ್ಟ್ಝ್‌ನ ಸುತ್ತ ಮೂಲ ಸದ್ದನ್ನು ಕಳೆಯುತ್ತದೆ, ಸರಿಯಾಗಿ ಮದ್ದಳೆಯ ದುಂಡುತನ ಇರುವ ಜಾಗದಲ್ಲಿ. ಗೋಡೆ, ನೆಲಗಳು ಬಾಸ್‌ಗೆ ಹೀಗೆ ಮಾಡುವ ಕಿತಾಪತಿಯನ್ನು ಹಿಂದೆ ಎಆರ್‌ನಲ್ಲಿದ್ದ ರಾಯ್ ಆಲಿಸನ್ 1970ರ ದಶಕದಲ್ಲಿ ಅಳೆದು ತೋರಿಸಿದ್ದರು. ಎಆರ್-9ರ ವೂಫರ್‌ಗಳು ನೆಲದ ಪಕ್ಕದಲ್ಲಿ, 200 ಹರ್ಟ್ಝ್‌ಗೆ ಕೈಬಿಡುವಂತೆ ಇರುವುದರ ಅರ್ಥ ಅದೇ. 200 ಹರ್ಟ್ಝ್‌ನ ಅಲೆಯ ಕಾಲುಭಾಗ 43 ಸೆಂ.ಮೀ.; ನೆಲ, ಗೋಡೆ ಅದಕ್ಕಿಂತ ಹತ್ತಿರವಿದ್ದರೆ ಅವು ಬಾಸ್‌ಗೆ ನೆರವಾಗುತ್ತವೆ, ಕಳೆಯುವುದಿಲ್ಲ. ಹಿಂಬದಿ ಗೋಡೆಗೆ 10 ಸೆಂ.ಮೀ. ಬಿಟ್ಟು ಇಟ್ಟದ್ದೇ ಒಂದು ದುರಸ್ತಿಯಷ್ಟು ಕೆಲಸ ಮಾಡಿತು. ಚಿಕ್ಕ ಹಾಲ್‌ಗೆ ಇದು ವರ. ಜೊತೆಗೆ, ಬಿಸಿಯಾಗಿ ಆರಿಹೋಗುತ್ತಿದ್ದ, ಹೋಂ ಥಿಯೇಟರ್‌ನ ಎವಿ ರಿಸೀವರ್ ಬದಲು 4 ಓಮ್‌ಗೆ ಅಂಜದ, 100 ವಾಟ್‌ಗೆ ಕಡಿಮೆಯಿಲ್ಲದ ಆಂಪ್ಲಿಫೈಯರ್.

ಮುಗಿದ ಮೇಲಿನ ಪರೀಕ್ಷೆಗೆ ಕರ್ನಾಟಕ ಸಂಗೀತದ ಕಛೇರಿ ಸಾಲದು, 40 ಹರ್ಟ್ಝ್‌ಗಿಂತ ಕೆಳಗೆ ಅದರಲ್ಲಿ ಹೆಚ್ಚೇನೂ ಇರುವುದಿಲ್ಲ. ಮೈಕ್ ಅನ್ನು ಪ್ರತಿ ಡಸ್ಟ್ ಕ್ಯಾಪ್‌ಗೆ 10 ಮಿ.ಮೀ. ದೂರದಲ್ಲಿಟ್ಟು ಅಳೆದಾಗ ನಾಲ್ಕೂ ವೂಫರ್‌ಗಳು 30ರಿಂದ 150 ಹರ್ಟ್ಝ್‌ವರೆಗೆ ಒಂದು ಡೆಸಿಬೆಲ್ ಅಂತರದಲ್ಲಿದ್ದವು. ಇಂಪೆಡೆನ್ಸ್‌ನ ಎರಡು ಗೆರೆಗಳು ಒಂದರ ಮೇಲೊಂದು ಕೂತವು. ಮಳೆಗಾಲ ಕಳೆದ ಮೇಲೆ ಒತ್ತುವ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಬಲಗಡೆಯದು ಮೊದಲಿನಂತೆಯೇ ಇತ್ತು. ಎಡಗಡೆಯದು ಮಾತ್ರ ತುಸು ಬೇಗ ಇಳಿಯುತ್ತಿತ್ತು. ಹೊಸ ಟೇಪ್ ಒತ್ತಿಕೊಂಡು ಸ್ಕ್ರೂಗಳು ಸಡಿಲಾಗಿದ್ದವು. ಕಾಲು ಸುತ್ತು ಬಿಗಿದ ಮೇಲೆ ಎದುರಿನ ಕೋನ್ ಮತ್ತೆ ಎರಡು ಸೆಕೆಂಡು ನಿಂತು ಇಳಿಯಿತು.